ಕಾರ್ಕ್ ನಗರದಲ್ಲಿ ಎರಡು ದಿನ: ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ಬರುವ ಜೂನ್ ತಿಂಗಳಲ್ಲಿ ನಾನು ಮತ್ತು ನನ್ನ ತಾಯಿ ಐರ್ಲೆಂಡಿನ ಕಾರ್ಕ್ ನಗರದಲ್ಲಿ ಎರಡು ದಿನ ತಂಗಲಿದ್ದೇವೆ. ಕಾರು ಪಡೆಯುವ ಉದ್ದೇಶವಿಲ್ಲ, ಅಮ್ಮನಿಗೆ ಹೆಚ್ಚು ಮೆಟ್ಟಿಲು ಹತ್ತಲು ಆಗುವುದಿಲ್ಲ. ಎಲ್ಲಿಗೆ ಹೋಗಬೇಕೆಂದು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1: ನಗರದ ನಡುಭಾಗವು ಲೀ ನದಿಯ ಎರಡು ಕವಲುಗಳ ನಡುವಿನ ದ್ವೀಪದಲ್ಲಿರುವುದರಿಂದ, ಯಾವ ದಿಕ್ಕಿಗೆ ನಡೆದರೂ ಸ್ವಲ್ಪ ಹೊತ್ತಿನಲ್ಲೇ ನೀರು, ಅದರ ಮೇಲೊಂದು ಸೇತುವೆ ಎದುರಾಗುತ್ತವೆ. ಬೆಳಿಗ್ಗೆಯೇ ಇಂಗ್ಲಿಷ್ ಮಾರ್ಕೆಟ್‌ಗೆ ಹೋಗಿ. 1788ರಿಂದ ನಡೆದುಬಂದಿರುವ ಈ ಚಾವಣಿಯಡಿಯ ಮಾರುಕಟ್ಟೆಯಲ್ಲಿ ಮಂಜುಗಡ್ಡೆಯ ಮೇಲೆ ಹರಡಿದ ಮೀನು, ಪಕ್ಕದಲ್ಲೇ ಚೀಸ್ ಮತ್ತು ಬ್ರೆಡ್ ಮಾರುವವರ ಮಾತುಕತೆ ಎಲ್ಲವೂ ಒಟ್ಟಿಗೆ ಸಿಗುತ್ತವೆ. ಭಾನುವಾರ ಅದು ಮುಚ್ಚಿರುತ್ತದೆ.

ಉತ್ತರ 2: ಶ್ಯಾಂಡನ್ ಗುಡ್ಡದ ಸೇಂಟ್ ಆನ್ ಚರ್ಚನ್ನು ಬಿಡಬೇಡಿ. ಗೋಪುರದ ಎರಡು ಬದಿ ಕೆಂಪು ಮರಳುಗಲ್ಲಿನವು, ಉಳಿದೆರಡು ಬಿಳಿ ಸುಣ್ಣಕಲ್ಲಿನವು. ನಾಲ್ಕು ಮುಖದ ಗಡಿಯಾರ ಒಂದೊಂದು ಕಡೆ ಒಂದೊಂದು ಸಮಯ ತೋರಿಸುತ್ತಿದ್ದುದರಿಂದ ಊರಿನವರು ಅದನ್ನು ಪ್ರೀತಿಯಿಂದ 'ನಾಲ್ಕು ಮುಖದ ಸುಳ್ಳುಗಾರ' ಎನ್ನುತ್ತಾರೆ. ಒಳಗೆ ಹಗ್ಗ ಎಳೆದು ಗಂಟೆ ಬಾರಿಸಲು ಪ್ರವಾಸಿಗರಿಗೂ ಅವಕಾಶವಿದೆ. ತುದಿಗೆ 132 ಮೆಟ್ಟಿಲುಗಳಿವೆ. ಅಮ್ಮ ಕೆಳಗೇ ಕುಳಿತು ನೀವು ಬಾರಿಸುವುದನ್ನು ಕೇಳಲಿ.

ಉತ್ತರ 3: ಎರಡನೆಯ ದಿನ ಕೆಂಟ್ ನಿಲ್ದಾಣದಿಂದ ಕೋವ್‌ಗೆ ರೈಲು ಹಿಡಿಯಿರಿ. ಅರ್ಧ ಗಂಟೆಯೊಳಗಿನ ಪ್ರಯಾಣ. 1912ರಲ್ಲಿ ಟೈಟಾನಿಕ್ ಕೊನೆಯದಾಗಿ ಲಂಗರು ಹಾಕಿದ್ದು ಈ ಬಂದರಿನ ಹೊರಗೆ.