ಪದಚರ್ಚೆ: ‘ಮಾಲಾ’ ರುಚಿಗೆ ಕನ್ನಡ ಮೆನುವಿನಲ್ಲಿ ಏನು ಬರೆಯುವುದು?

ಪ್ರಶ್ನೆ:

ನಮಸ್ಕಾರ. ಮಂಗಳೂರಿನ ಒಂದು ಏಷ್ಯನ್ ರೆಸ್ಟೋರೆಂಟಿನ ಮೆನು ಕನ್ನಡಕ್ಕೆ ಬರುತ್ತಿದೆ. ಡಿಮ್ ಸಮ್, ರಾಮೆನ್, ಥಾಯ್ ಕರಿ ಇವಕ್ಕೆಲ್ಲ ಹೆಸರು ಹಾಗೇ ಇಟ್ಟು ಕೆಳಗೊಂದು ಸಾಲು ವಿವರಣೆ ಕೊಟ್ಟರೆ ಆಯಿತು. ತೊಡಕಿರುವುದು ಚೀನಾದ ಸಿಚುವಾನ್ ಕಡೆಯ ‘ಮಾಲಾ’ ತಿನಿಸುಗಳಲ್ಲಿ. ಕರಡಿನಲ್ಲಿ ಒಂದೆಡೆ ‘ಮರಗಟ್ಟಿಸುವ ಖಾರ’, ಇನ್ನೊಂದೆಡೆ ‘ಸಿಚುವಾನ್ ಒಳ್ಳೆಮೆಣಸಿನ ಖಾರ’ ಎಂದಿದೆ. ಎರಡೂ ಸರಿ ಕಾಣುತ್ತಿಲ್ಲ. ಬರೀ ‘ಮಾಲಾ ಚಿಕನ್’ ಅಂದರೆ ಯಾರೋ ಮಾಲಕ್ಕನ ಕೈಯಡುಗೆ ಅಂದುಕೊಂಡಾರು. ಜೋಮು, ಜುಮ್ಮು, ಚುರುಚುರು, ಇವುಗಳಲ್ಲಿ ಯಾವುದು ಹೊಂದೀತು? ನಾಲ್ಕೈದು ಪದಕ್ಕಿಂತ ಹೆಚ್ಚು ಜಾಗವಿಲ್ಲ.

ಉತ್ತರ 1:

‘ಮಾ’, ‘ಲಾ’ ಎರಡೂ ಚೀನೀಯಲ್ಲಿ ಬೇರೆ ಬೇರೆ ಪದ. ‘ಲಾ’ ಅಂದರೆ ಮೆಣಸಿನಕಾಯಿಯ ಖಾರ, ಅಲ್ಲಿ ತಕರಾರಿಲ್ಲ. ‘ಮಾ’ ಅಂದರೆ ತುಟಿ, ನಾಲಿಗೆ ಜುಮುಗುಡುವ ಅನುಭವ. ಅದು ಬರುವುದು ಹುವಾಜ್ಯಾವ್ (ಇಂಗ್ಲಿಷಿನಲ್ಲಿ ಸಿಚುವಾನ್ ಪೆಪ್ಪರ್) ಎಂಬ ಸಣ್ಣ ಕಾಯಿಯ ಒಣಸಿಪ್ಪೆಯಿಂದ. ಅದರೊಳಗಿನ ಸ್ಯಾನ್‌ಶೂಲ್ ಎಂಬ ರಾಸಾಯನಿಕ ತುಟಿ, ನಾಲಿಗೆಗಳ ಸ್ಪರ್ಶದ ನರಗಳನ್ನೇ ಕೆಣಕುತ್ತದೆ. 2013ರಲ್ಲಿ ಲಂಡನ್ನಿನ ಸಂಶೋಧಕರು ಪರೀಕ್ಷಿಸಿದಾಗ, ತುಟಿಯ ಮೇಲಿನ ಆ ಅನುಭವ ಸೆಕೆಂಡಿಗೆ ಸುಮಾರು 50 ಸಲ ಅದುರುವುದಕ್ಕೆ ಸಮವೆಂದು ಕಂಡುಬಂತು. ಹಾಗಾಗಿ ‘ಮರಗಟ್ಟು’ ಕೂಡದು. ಅದು ಹಲ್ಲಿನ ಡಾಕ್ಟರು ಇಂಜೆಕ್ಷನ್ ಕೊಟ್ಟ ಮೇಲಿನ ಸ್ಥಿತಿ.

ಚಕ್ಕಳಮಕ್ಕಳ ಹಾಕಿ ಕೂತ ಕಾಲಿಗೆ ಹಿಡಿಯುವುದು ಜೋಮು. ಎದ್ದು ನಿಂತಾಗ, ಜೋಮು ಬಿಡುತ್ತಾ ಆಗುವುದು ಜುಮುಜುಮು. ನಿಮಗೆ ಬೇಕಿರುವುದು ಎರಡನೆಯದು. ಚುರುಚುರು ಅನ್ನುವುದು ಗಾಯಕ್ಕೆ ಉಪ್ಪು ತಾಗಿದಾಗ. ಅದರಲ್ಲಿ ಉರಿ ಇದೆ, ಅದುರು ಇಲ್ಲ. ‘ತುರಿಸುವ’ ಎಂದು ಯಾರಾದರೂ ಸೂಚಿಸಿದರೆ ಒಪ್ಪಬೇಡಿ. ಬೇಯದ ಕೆಸು, ಸುವರ್ಣಗಡ್ಡೆಯ ನೆನಪಾಗಿ ಗಿರಾಕಿ ಮುಂದಿನ ಪುಟಕ್ಕೆ ಹೋಗುತ್ತಾರೆ.

‘ಒಳ್ಳೆಮೆಣಸು’ ಅಂತೂ ನಮ್ಮ ಊರಲ್ಲಿ ಖಂಡಿತ ಬೇಡ. ಎಡ್ಡೆಮುಂಚಿ (ತುಳುವಿನಲ್ಲಿ ಕಾಳುಮೆಣಸು) ಬೆಳೆಯುವ ಜಿಲ್ಲೆಯವರು ಅದನ್ನು ಓದಿ ಪೆಪ್ಪರ್ ಡ್ರೈಯನ್ನೇ ನಿರೀಕ್ಷಿಸುತ್ತಾರೆ. ಹುವಾಜ್ಯಾವ್ ಆ ಬಳ್ಳಿಯ ಜಾತಿಯೇ ಅಲ್ಲ, ನಿಂಬೆಯ ಕುಟುಂಬದ್ದು. ಅದರ ಹತ್ತಿರದ ಬಂಧು ಇಲ್ಲೇ ಇದೆ: ಕೊಂಕಣಿಯವರು ಬಂಗುಡೆ, ಬೂತಾಯಿ ಮೀನಿನ ಪದಾರ್ಥಕ್ಕೆ ಹಾಕುವ ತೆಪ್ಪಲ. ಎರಡೂ ಜ್ಯಾಂತೊಕ್ಸೈಲಮ್ ಕುಲದವು. ಕನ್ನಡದಲ್ಲಿ ಅದಕ್ಕೆ ಜುಮ್ಮನಕಾಯಿ ಎಂಬ ಹೆಸರೂ ಇದೆ, ಹೆಸರಲ್ಲೇ ಗುಣ ಹೇಳಿದ್ದಾರೆ. ಬಳಸುವ ಕ್ರಮವೂ ಹೆಚ್ಚುಕಡಿಮೆ ಒಂದೇ. ಒಳಗಿನ ಕರಿ ಬೀಜ ಬಾಯಲ್ಲಿ ಮರಳಿನಂತೆ ಕರಕರ ಅನ್ನುವುದರಿಂದ ಉದುರಿಸಿ ಬಿಸಾಡುತ್ತಾರೆ, ಘಮವೂ ಜುಮ್ಮೂ ಇರುವುದು ಸಿಪ್ಪೆಯಲ್ಲಿ. ತೆಪ್ಪಲವನ್ನು ಮಸಾಲೆಯ ಜೊತೆ ನುಣ್ಣಗೆ ಅರೆದರೆ ಕಹಿ ಬಿಡುತ್ತದೆ. ನಾಲ್ಕು ಜನರ ಪದಾರ್ಥಕ್ಕೆ ಎಂಟು-ಹತ್ತು ಕಾಯಿ ಸಾಕು; ಸ್ವಲ್ಪ ನೀರಿನಲ್ಲಿ ಜಜ್ಜಿ, ಕುದಿಯುತ್ತಿರುವಾಗ ಕೊನೆಗೆ ಸೇರಿಸುವುದು. ಹುವಾಜ್ಯಾವ್ ಸಿಪ್ಪೆಯನ್ನಾದರೆ ಸಣ್ಣ ಉರಿಯಲ್ಲಿ ಘಮ ಬರುವಷ್ಟೇ ಹುರಿದು ಪುಡಿ ಮಾಡುತ್ತಾರೆ. ಕಪ್ಪಾದರೆ ಅದೂ ಕಹಿಯೇ.

ಆದ್ದರಿಂದ ‘ನಾಲಿಗೆ ಜುಮ್ಮೆನ್ನುವ ಖಾರ’ ಎಂದು ಬರೆಯಿರಿ. ‘ನಾಲಿಗೆ’ ಬಿಡಬೇಡಿ, ಬರೀ ‘ಜುಮ್ಮೆನ್ನುವ’ ಅಂದರೆ ಮೈ ಜುಮ್ಮೆಂದಂತಾಗಿ ದೆವ್ವದ ಕಥೆಯ ಕಡೆ ಹೊರಳುತ್ತದೆ. ಜಾಗ ಮಿಕ್ಕರೆ ‘ತೆಪ್ಪಲದಂಥ ಘಮ’ ಸೇರಿಸಿ. ‘ಜುಮ್ಖಾರ’ ಎಂದು ಹೊಸ ಪದ ಕಟ್ಟುವ ಆಸೆ ಬರಬಹುದು, ಆದರೆ ಮೆನು ಅದಕ್ಕೆ ಜಾಗವಲ್ಲ. ವೇಟರಿಗೆ ಅದನ್ನು ದಿನಕ್ಕೆ ಹತ್ತು ಸಲ ವಿವರಿಸಬೇಕಾಗುತ್ತದೆ.

ಅದೇ ಮೆನುವಿನಲ್ಲಿ ‘ಶೆಜ್ವಾನ್’ ಕೂಡ ಇದ್ದೇ ಇರುತ್ತದೆ. ಪದ ಸಿಚುವಾನ್‌ನದೇ, ರುಚಿ ನಮ್ಮದು: ನೆನೆಸಿ ಅರೆದ ಒಣಮೆಣಸು, ಧಾರಾಳ ಬೆಳ್ಳುಳ್ಳಿ, ಶುಂಠಿ, ವಿನೆಗರ್, ಎಣ್ಣೆ. ಹುವಾಜ್ಯಾವ್ ಸಾಮಾನ್ಯವಾಗಿ ಇರುವುದಿಲ್ಲ. ಶೆಜ್ವಾನ್ ಫ್ರೈಡ್ ರೈಸ್ ತಿಂದು ರೂಢಿಯಿದ್ದವರಿಗೆ ‘ಸಿಚುವಾನ್ ಚಿಕನ್’ ಬಂದು ತುಟಿ ಅದುರಿದರೆ, ಅಡುಗೆಯಲ್ಲೇನೋ ಕೆಟ್ಟಿದೆ ಎಂದು ಪ್ಲೇಟು ವಾಪಸ್ಸು ಹೋಗುತ್ತದೆ. ಎರಡನ್ನೂ ಒಂದೇ ಕಾಗುಣಿತಕ್ಕೆ ತಿದ್ದಬೇಡಿ. ಶೆಜ್ವಾನ್ ಇದ್ದಲ್ಲಿ ‘ಬೆಳ್ಳುಳ್ಳಿ-ಒಣಮೆಣಸಿನ ಖಾರ’ ಅನ್ನಿ.

ಉತ್ತರ 2:

ಮೇಲಿನದಕ್ಕೆ ಒಪ್ಪಿಗೆ. ಒಂದು ಎಚ್ಚರಿಕೆ ಮಾತ್ರ. ಮೆನುವಿನಲ್ಲಿ ‘ಮಾಪೋ ತೋಫು’ (ಸೋಯಾ ಪನೀರಿನ ಸಿಚುವಾನ್ ತಿನಿಸು) ಇದ್ದರೆ ಅಲ್ಲಿನ ‘ಮಾ’ಗೂ ಅದೇ ಚೀನೀ ಅಕ್ಷರ, ಅರ್ಥ ಬೇರೆ: ಮುಖದ ಮೇಲಿನ ಸಿಡುಬಿನ ಕಲೆ. ‘ಪೋ’ ಅಂದರೆ ಮುದುಕಿ. ಹೆಸರನ್ನು ಅನುವಾದಿಸಲು ಹೋಗಬೇಡಿ. ತಿನಿಸಿನಲ್ಲಿ ಹುವಾಜ್ಯಾವ್ ಹೇಗೂ ಬೀಳುವುದರಿಂದ ‘ನಾಲಿಗೆ ಜುಮ್ಮೆನ್ನುವ ಖಾರ’ ಎಂಬುದನ್ನು ಕೆಳಗಿನ ವಿವರಣೆಯ ಸಾಲಿಗೆ ಹಾಕಬಹುದು. ಸಾಂಪ್ರದಾಯಿಕವಾಗಿ ಅದಕ್ಕೆ ಕೊಚ್ಚಿದ ಮಾಂಸವೂ ಬೀಳುತ್ತದೆ. ತೋಫು ಎಂಬ ಹೆಸರು ನೋಡಿ ಹಸಿರು ಚುಕ್ಕೆ ಹಾಕುವ ಮುಂಚೆ ಅಡುಗೆಯವರನ್ನು ಕೇಳಿಕೊಳ್ಳಿ.