ತುರ್ತು: ‘ಅಸಿಡಿಟಿ ಇಂಜೆಕ್ಷನ್’ಗೆ ಕನ್ನಡದಲ್ಲಿ ಏನನ್ನಬೇಕು?

ಬಸವನಗುಡಿಯಿಂದ:

ಎಲ್ಲರಿಗೂ ನಮಸ್ಕಾರ. ಇಲ್ಲಿನ ಒಂದು ನರ್ಸಿಂಗ್ ಹೋಮ್‌ಗೆ ಪ್ಯಾಂಟೊಪ್ರಜೋಲ್ ಇಂಜೆಕ್ಷನ್ ಬಗ್ಗೆ ಒಂದು ಪುಟದ ಕರಪತ್ರ ಬರೆಯುತ್ತಿದ್ದೇನೆ. ರೋಗಿಯ ಮನೆಯವರು ಓದುವಂಥದ್ದು. ನಾಳೆ ಬೆಳಿಗ್ಗೆ ಪ್ರೆಸ್‌ಗೆ ಕೊಡಬೇಕು.

ವಿಷಯ ಇಷ್ಟು. ಹೊಟ್ಟೆಯ ಆಮ್ಲ ಮೇಲೆ ನುಗ್ಗಿ ಅನ್ನನಾಳ ಹುಣ್ಣಾಗಿ, ಮಾತ್ರೆ ನುಂಗಲು ಆಗದವರಿಗೆ ಇದನ್ನು ಕೊಡುತ್ತಾರೆ. ಹೊಟ್ಟೆಹುಣ್ಣಿನಿಂದ ರಕ್ತ ಹೋಗುತ್ತಿದ್ದರೂ ಕೊಡುತ್ತಾರೆ. 40 ಮಿಲಿಗ್ರಾಂ ಪುಡಿಯನ್ನು 10 ಮಿಲಿಲೀಟರ್ ಸಲೈನ್‌ನಲ್ಲಿ ಕರಗಿಸಿ, ಕಡಿಮೆಯೆಂದರೂ 2 ನಿಮಿಷ ಹಿಡಿದು ನಿಧಾನವಾಗಿ ಬಿಡುತ್ತಾರೆ. ತಲೆನೋವು, ಭೇದಿ, ವಾಕರಿಕೆ, ತಲೆಸುತ್ತು ಬರಬಹುದು. ಸೂಜಿ ಚುಚ್ಚಿದ ಕಡೆ ಕೆಂಪಾಗಿ ಊದಿಕೊಳ್ಳಬಹುದು.

ಔಷಧಿಗೆ ಏನು ಹೆಸರು ಹಾಕಲಿ? ‘ಆಮ್ಲಶಾಮಕ’ ನನಗೇ ಹಿಡಿಸಲಿಲ್ಲ. ಚುಚ್ಚುವುದು ‘ನರಕ್ಕೆ’ ಎನ್ನಲೋ, ‘ಅಭಿಧಮನಿಗೆ’ ಎನ್ನಲೋ? ಸೈಡ್ ಎಫೆಕ್ಟ್‌ಗೆ ‘ಅಡ್ಡ ಪರಿಣಾಮ’ ಸಾಕಾ?

ವಿಜಯನಗರದಿಂದ:

ಆಮ್ಲ ಯಾಕೆ ಬೇಕು? ‘ಹುಳಿ’ ಸತ್ತು ಹೋಗಿದೆಯಾ? ಹಳಗನ್ನಡದಲ್ಲಿ ಪುಳಿ, ತಮಿಳರ ಬಾಯಲ್ಲಿ ಇವತ್ತಿಗೂ ಪುಳಿ, ನಮ್ಮಲ್ಲಿ ಪಕಾರ ಹಕಾರವಾಗಿ ಹುಳಿ. ಸಂಸ್ಕೃತದ ಅಮ್ಲ ಎಂದರೂ ಹುಳಿಯೇ. ‘ಹೊಟ್ಟೆಹುಳಿ ತಗ್ಗಿಸುವ ಸೂಜಿಮದ್ದು’ ಎಂದು ಬರೆಯಿರಿ. ಸೈಡ್ ಎಫೆಕ್ಟ್‌ಗೆ ‘ಅಡ್ಡತೊಡಕು’. ಅರ್ಧ ಕನ್ನಡ, ಅರ್ಧ ಸಂಸ್ಕೃತದ ‘ಅಡ್ಡ ಪರಿಣಾಮ’ ಬೇಡ.

ಮಲ್ಲೇಶ್ವರದಿಂದ:

‘ಹೊಟ್ಟೆಹುಳಿ’ಯಲ್ಲಿ ಒಂದು ಗುಣಿಸು ತಪ್ಪಿದರೆ ‘ಹೊಟ್ಟೆಹುಳು’. ಜಂತುಹುಳದ ಇಂಜೆಕ್ಷನ್ ಎಂದು ಓದಿಕೊಳ್ಳುತ್ತಾರೆ. ‘ಮದ್ದು’ ಕೂಡ ಬೇಡ. ನಮ್ಮ ಕಡೆಯ ಹಳ್ಳಿಗಳಲ್ಲಿ ‘ಮದ್ದು ಹಾಕಿದ್ದಾರೆ’ ಎಂದರೆ ಏನರ್ಥ ಅಂತ ಗೊತ್ತಲ್ಲ? ‘ಅಡ್ಡತೊಡಕು’ ಎಂದು ಈ ಊರಲ್ಲಿ ಯಾರೂ ಅಂದದ್ದನ್ನು ನಾನು ಕೇಳಿಲ್ಲ.

ವಿಜಯನಗರದಿಂದ:

ಬೆದರಿಸಬೇಡಿ. ಚುಚ್ಚುಮದ್ದು ಎಂದು ಪೇಪರ್‌ನವರು ದಿನಾ ಬರೆಯುತ್ತಾರೆ, ಯಾರೂ ಮಾಟ ಎಂದುಕೊಂಡಿಲ್ಲ.

ಯಶವಂತಪುರದಿಂದ:

ನಾನು ಮೆಡಿಕಲ್ ಸ್ಟೋರ್ ಕೌಂಟರ್‌ನಲ್ಲಿ ಕೂರುವವನು. ಜನ ಕೇಳುವುದು ‘ಗ್ಯಾಸ್ಟ್ರಿಕ್ ಇಂಜೆಕ್ಷನ್’ ಎಂದೇ. ಆದರೆ ಅದನ್ನು ಹಾಕಬೇಡಿ ಮೇಡಂ. ಓದುವವರು ಗ್ಯಾಸ್ ಇಳಿಸುವ ಔಷಧಿ ಎಂದುಕೊಳ್ಳುತ್ತಾರೆ. ಇದು ಗ್ಯಾಸ್ ಇಳಿಸುವುದಿಲ್ಲ. ಹೊಟ್ಟೆಯುಬ್ಬರ ಇದರ ಸೈಡ್ ಎಫೆಕ್ಟ್ ಪಟ್ಟಿಯಲ್ಲೇ ಇದೆ.

‘ಶಾಮಕ’, ‘ನಿವಾರಕ’ ಎರಡೂ ಸರಿಯಲ್ಲ. ಹೊಟ್ಟೆಗೆ ಬಂದು ಬಿದ್ದಿರುವ ಆಮ್ಲವನ್ನು ಸಪ್ಪೆ ಮಾಡುವುದು ಅಂಗಡಿಯಲ್ಲಿ ಸಿಗುವ ಗುಲಾಬಿ ಬಣ್ಣದ ಸಿರಪ್. ಪ್ಯಾಂಟೊಪ್ರಜೋಲ್ ಆಮ್ಲ ಸುರಿಸುವ ಪಂಪನ್ನೇ ನಿಲ್ಲಿಸುತ್ತದೆ. ‘ಹೊಟ್ಟೆಯಲ್ಲಿ ಆಮ್ಲ ಕಡಿಮೆ ಸುರಿಯುವಂತೆ ಮಾಡುವ ಇಂಜೆಕ್ಷನ್’ ಎನ್ನಿ. ಉದ್ದವಾದರೂ ಪರವಾಗಿಲ್ಲ. ರಾನಿಟಿಡಿನ್ ಕೂಡ ಆಮ್ಲ ತಗ್ಗಿಸುತ್ತದೆ, ಆದರೆ ಬೇರೆ ದಾರಿಯಲ್ಲಿ. ಹಳೇ ಕರಪತ್ರದಿಂದ ನಕಲು ಮಾಡುತ್ತಿದ್ದರೆ ಎರಡನ್ನೂ ಬೆರೆಸಬೇಡಿ. 2022ರಲ್ಲಿ ರಾನಿಟಿಡಿನ್ ನಮ್ಮ ದೇಶದ ಅಗತ್ಯ ಔಷಧಿಗಳ ಪಟ್ಟಿಯಿಂದಲೇ ಹೊರಬಿತ್ತು.

ಇನ್ನು ‘ನರ’. ವಾರ್ಡ್‌ನಲ್ಲಿ ಎಲ್ಲರೂ ‘ನರ ಸಿಗ್ತಿಲ್ಲ’ ಎಂದೇ ಹೇಳುವುದು. ಆದರೆ ಅಚ್ಚಿನಲ್ಲಿ ‘ನರಕ್ಕೆ’ ಎಂದರೆ ಸಂವೇದನೆಯ ನರವೂ ಆಗಬಹುದು. ‘ಅಭಿಧಮನಿ’ಯಲ್ಲಿ ಒಂದು ಅಕ್ಷರ ಬದಲಾದರೆ ‘ಅಪಧಮನಿ’, ರಕ್ತ ಹರಿಯುವ ದಿಕ್ಕೇ ಉಲ್ಟಾ. ‘ಕೈಯ ರಕ್ತನಾಳಕ್ಕೆ’ ಎಂದರೆ ಮುಗಿಯಿತು.

ಮೆಗ್ನೀಸಿಯಂ ಇಳಿಯುವುದು, ಬಿ12 ಕೊರತೆ, ಮೂಳೆ ಮುರಿತ, ಇವೆಲ್ಲ ತಿಂಗಳು, ವರ್ಷಗಟ್ಟಲೆ ಮಾತ್ರೆ ನುಂಗುವವರ ವಿಷಯ. ಇಂಜೆಕ್ಷನ್ ಕೊಡುವುದು ಸಾಮಾನ್ಯವಾಗಿ ಕೆಲವೇ ದಿನ. ಅದನ್ನೆಲ್ಲ ಒಂದೇ ಪುಟದಲ್ಲಿ ತುರುಕಿ ಸುಮ್ನೆ ಹೆದರಿಸಬೇಡಿ.

ವಿಜಯನಗರದಿಂದ:

ಅಂದರೆ ‘ಇಂಜೆಕ್ಷನ್’, ‘ಪಂಪ್’, ‘ಸಿರಪ್’ ಎಲ್ಲಾ ಓಕೆ, ‘ಹುಳಿ’ ಮಾತ್ರ ಅಸ್ಪೃಶ್ಯ! ಆಮ್ಲ ಅಷ್ಟು ವೈಜ್ಞಾನಿಕವಾದರೆ ‘ಆಮ್ಲಜನಕ’ದ ಕಥೆ ಹೇಳಿ. ಆಮ್ಲಗಳಿಗೆಲ್ಲ ಅದೇ ಮೂಲ ಎಂದು ಫ್ರಾನ್ಸಿನ ವಿಜ್ಞಾನಿ ಲವಾಸಿಯೆ ತಪ್ಪು ತಿಳಿದು ಇಟ್ಟ ‘ಆಕ್ಸಿಜನ್’ ಹೆಸರಿನ ಪಡಿಯಚ್ಚು ಅದು. ಹೊಟ್ಟೆಯೊಳಗಿನ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಮ್ಲಜನಕ ಒಂದು ಚೂರೂ ಇಲ್ಲ. ತಪ್ಪನ್ನೂ ಸಂಸ್ಕೃತದಲ್ಲೇ ಎರವಲು ತಂದಿದ್ದೇವೆ.

ಮಲ್ಲೇಶ್ವರದಿಂದ:

ತಪ್ಪು ಫ್ರಾನ್ಸಿನದು, ಸಂಸ್ಕೃತದ್ದಲ್ಲ. ಆಸ್ಪತ್ರೆ ಕರಪತ್ರಕ್ಕೂ ಇದಕ್ಕೂ ಏನು ಸಂಬಂಧ?

ಬಸವನಗುಡಿಯಿಂದ:

ಪ್ರೆಸ್‌ನವರು ಫೋನ್ ಮಾಡಿದರು. ಇದನ್ನು ಕಳಿಸುತ್ತಿದ್ದೇನೆ: “ಇದು ಹೊಟ್ಟೆಯಲ್ಲಿ ಆಮ್ಲ ಕಡಿಮೆ ಸುರಿಯುವಂತೆ ಮಾಡುವ ಇಂಜೆಕ್ಷನ್. ಕೈಯ ರಕ್ತನಾಳಕ್ಕೆ ನಿಧಾನವಾಗಿ ಕೊಡುತ್ತಾರೆ. ತಲೆನೋವು, ಭೇದಿಯಂಥ ಅಡ್ಡ ಪರಿಣಾಮ ಕಾಣಿಸಬಹುದು. ಚುಚ್ಚಿದ ಜಾಗ ಉರಿದರೆ, ಊದಿದರೆ ಕೂಡಲೇ ನರ್ಸ್‌ಗೆ ಹೇಳಿ. ಮೈಮೇಲೆ ದದ್ದು ಎದ್ದರೆ, ಉಸಿರು ಕಟ್ಟಿದರೆ ಒಂದು ನಿಮಿಷವೂ ಕಾಯಬೇಡಿ.”

ಯಶವಂತಪುರದ ಸರ್, ತುಂಬಾ ಥ್ಯಾಂಕ್ಸ್. ಆಮ್ಲಜನಕದ ಜಗಳಕ್ಕೆ ದಯವಿಟ್ಟು ಬೇರೆ ಎಳೆ ಶುರು ಮಾಡಿ.