ಪದಚರ್ಚೆ: ಕುದುರೆಗೆ ‘ಹುರುಕು’ ಎಂದರೆ ಯಾವ ರೋಗ?

ಬಳಗದ ಎಲ್ಲರಿಗೂ ನಮಸ್ಕಾರ.

ವಿಜಯಪುರದಲ್ಲಿ ಟಾಂಗಾ ಕುದುರೆ ಸಾಕುವವರಿಗಾಗಿ ಒಂದು ಕರಪತ್ರ ತಯಾರಾಗುತ್ತಿದೆ. ಕುದುರೆಯ ಚರ್ಮರೋಗ ಹೇಗೆ ಬರುತ್ತದೆ, ಬಾರದ ಹಾಗೆ ಏನು ಮಾಡಬೇಕು ಅನ್ನುವುದು ವಿಷಯ. ಮದ್ದಿನ ಮಾತು ಪಶುವೈದ್ಯರೊಬ್ಬರದು, ಕನ್ನಡದ ಹೊಣೆ ನನ್ನದು. ಔಷಧದ ಹೆಸರು ಬರೆಯುವುದು ಕಷ್ಟವಲ್ಲ, ಅಂಗಡಿಯಲ್ಲಿ ಏನನ್ನುತ್ತಾರೋ ಅದನ್ನೇ ಬರೆದರೆ ಆಯಿತು. ರೋಗದ ಹೆಸರು ಬಂದಲ್ಲಿ ಕೈ ನಿಂತಿದೆ. ಅದಕ್ಕೇ ನಿಮ್ಮ ಮುಂದೆ ಇಡುತ್ತಿದ್ದೇನೆ.

ನಮ್ಮ ಕಡೆ ಕುದುರೆಯ ಮೈಮೇಲೆ ಕೂದಲು ಉದುರಿ, ಹೊಟ್ಟು ಎದ್ದು, ಅದು ಗೋಡೆಗೆ ಮೈ ತಿಕ್ಕತೊಡಗಿದರೆ ‘ಹುರುಕ ಹತ್ತೇತ್ರೀ’ ಅನ್ನುತ್ತಾರೆ. ಕೆಲವರು ‘ಕಜ್ಜಿ’ ಅನ್ನುವುದೂ ಉಂಟು. ದುಂಡಗೆ ಬಿದ್ದಿದ್ದರೆ ಮಾತ್ರ ‘ಗಜಕರ್ಣ’. ಮನುಷ್ಯರಿಗೆ, ನಾಯಿಗೆ, ಕುರಿಗೆ ಹೇಳುವ ಪದಗಳೇ ಇವು. ದಿನದ ಮಾತಿಗೆ ಇಷ್ಟು ಸಾಕು. ಔಷಧ ಹೇಳುವ ಕಾಗದಕ್ಕೆ ಸಾಲದು. ಹುರುಕು, ಹುಣ್ಣು ಅನ್ನುವಂಥ ಒಂದೆರಡು ಪದದಲ್ಲೇ ನಾಲ್ಕು ಬೇರೆ ಬೇರೆ ರೋಗ ಸೇರಿಕೊಂಡಿವೆ. ಒಂದು ಬ್ಯಾಕ್ಟೀರಿಯಾದಿಂದ ಬರುವುದು, ಒಂದು ಶಿಲೀಂಧ್ರದಿಂದ, ಒಂದು ಕಣ್ಣಿಗೆ ಕಾಣದ ನುಸಿಯಿಂದ. ನಾಲ್ಕನೆಯದು ನೊಣ ತಂದಿಡುವ ಹುಳದ ಮರಿಯಿಂದ. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ.

ನಾಟದಿದ್ದರೆ ಹೋಗಲಿ, ಜೀವಕ್ಕೇ ಕುತ್ತು ಬರಬಹುದು. ಹುರುಕಿಗೆ ಔಷಧ ಕೊಡಿ ಎಂದು ಕೇಳಿದವರ ಕೈಗೆ ದನಕ್ಕೂ ನಾಯಿಗೂ ಬಳಸುವ ಅಮಿಟ್ರಾಜ್ ಬರಬಹುದು. ಉಣ್ಣಿಗೂ ನುಸಿಗೂ ಅದು ಒಳ್ಳೆಯ ಮದ್ದೇ. ಆದರೆ ಕುದುರೆಗೆ ಹಾಕಲೇಬಾರದು. ಅದರಿಂದ ಕುದುರೆಯ ಕರುಳು ಕೆಲಸ ನಿಧಾನ ಮಾಡುತ್ತದೆ. ತಿಂದ ಮೇವು ದೊಡ್ಡ ಕರುಳಲ್ಲಿ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ, ಹೊಟ್ಟೆಶೂಲೆ ಬಂದು ಪ್ರಾಣಿ ಸಾಯಲೂಬಹುದು. ಎತ್ತು ತಡೆದುಕೊಂಡಿದ್ದನ್ನು ಕುದುರೆ ತಡೆದುಕೊಳ್ಳುತ್ತದೆ ಅನ್ನುವ ಭರವಸೆ ಇಲ್ಲ. ಹಾಗಾಗಿ ಪ್ರತಿ ರೋಗಕ್ಕೂ ಒಂದೊಂದು ಹೆಸರು ಬೇಕೇ ಬೇಕು ಅನ್ನುವುದು ನನ್ನ ಪಟ್ಟು.

ಹೆಚ್ಚು ತಲೆಕೆಡಿಸಿದ್ದು ಇಂಗ್ಲಿಷಿನವರು ‘ರೈನ್ ರಾಟ್’ ಅನ್ನುವ ರೋಗ. ಡರ್ಮಟೊಫೈಲಸ್ ಕಾಂಗೊಲೆನ್ಸಿಸ್ ಎಂಬ ಬ್ಯಾಕ್ಟೀರಿಯಾದ ಕೆಲಸ ಅದು. ಚರ್ಮ ಒಣಗಿ ಗಟ್ಟಿಯಾಗಿದ್ದಾಗ ಅದಕ್ಕೆ ದಾರಿ ಇಲ್ಲ. ದಿನಗಟ್ಟಲೆ ತೊಯ್ದು ಮೆತ್ತಗಾಗಿದ್ದರೆ, ಮೇಲೆ ನೊಣ ಕಚ್ಚಿದ್ದರೆ ಅಥವಾ ಜೀನು ಉಜ್ಜಿದ್ದರೆ ಒಳಗೆ ಇಳಿಯುತ್ತದೆ. ಬೆನ್ನಿನ ಮೇಲೆ, ಸೊಂಟದ ಮೇಲೆ, ಮಳೆನೀರು ಇಳಿಯುವ ಗುಂಟ ಹಕ್ಕಳೆ, ಅಂದರೆ ಗಾಯದ ಮೇಲಿನ ಒಣ ಪದರ, ಕಟ್ಟುತ್ತದೆ. ಎತ್ತಿದರೆ ಕೂದಲು ಗೊಂಚಲಾಗಿ, ಬಣ್ಣ ಬಳಿಯುವ ಕುಂಚದ ಹಾಗೆ ಕಿತ್ತು ಬರುತ್ತದೆ. ಕೆಳಗೆ ಹಸಿ ಕೆಂಪು ಚರ್ಮ, ಒಮ್ಮೊಮ್ಮೆ ಕೀವು. ಬೆಳಗಾವಿ, ಖಾನಾಪುರದ ಕಡೆ ಜುಲೈ ಮಳೆ ಜೋರು, ಅಲ್ಲಿ ಆಗಲೇ ಎಚ್ಚರ ಬೇಕು. ನಮ್ಮ ವಿಜಯಪುರದಲ್ಲಿ ಮಳೆ ಜಾಸ್ತಿ ಬೀಳುವುದು ಸೆಪ್ಟೆಂಬರಿನಲ್ಲಿ.

ಇದನ್ನು ‘ಮಳೆ ಶಿಲೀಂಧ್ರ’ ಎಂದು ಬರೆಯಬಹುದಲ್ವಾ ಎಂದು ಒಬ್ಬರು ಕೇಳಿದರು. ಬೇಡ. ಇದು ಎಳೆ ಎಳೆಯಾಗಿ ಕವಲೊಡೆದು ಬೆಳೆಯುವುದರಿಂದ ಹಿಂದೆ ಶಿಲೀಂಧ್ರ ಅಂದುಕೊಂಡಿದ್ದರು, ಅಷ್ಟೇ. ಶಿಲೀಂಧ್ರದ ಮುಲಾಮು ಹಚ್ಚಿ ಕೂತರೆ ಗುಣ ಕಾಣುವುದಿಲ್ಲ. ‘ಮಳೆಕೊಳೆ’ ಎಂದರೆ ಇಂಗ್ಲಿಷನ್ನು ಹಾಗೇ ಎತ್ತಿಟ್ಟಂತೆ. ಅದೂ ಅಲ್ಲದೆ ಕೊಳೆರೋಗ ಅಂದ ಕೂಡಲೇ ಕನ್ನಡಿಗರಿಗೆ ನೆನಪಾಗುವುದು ಮಲೆನಾಡಿನ ಅಡಿಕೆ. ಆ ಪದವೇ ಸಸ್ಯರೋಗದ ಇಂಗ್ಲಿಷ್ ಪುಸ್ತಕಗಳಿಗೂ ಹೋಗಿ ಕೂತಿದೆ. ‘ಮಳೆಗಜ್ಜಿ’ ಕಿವಿಗೆ ಹಿತ. ಆದರೆ ಕಜ್ಜಿ ಎಂದ ಕೂಡಲೇ ಜನ ಕಜ್ಜಿಯ ಔಷಧಕ್ಕೇ ಹೋಗುತ್ತಾರೆ. ನನ್ನ ಒಲವು ‘ಮಳೆಹಕ್ಕಳೆ’ಯ ಕಡೆ. ಕಾರಣವೂ ಅದರಲ್ಲಿದೆ, ಕಣ್ಣಿಗೆ ಕಾಣುವ ಗುರುತೂ ಅದರಲ್ಲಿದೆ. ಹಕ್ಕಳೆ ಅನ್ನುವ ಪದ ನಿಮ್ಮ ಊರಲ್ಲಿ ನಡೆಯುತ್ತದೆಯೇ? ಹಕ್ಕಳಿ, ಹೊಪ್ಪಳಿ, ಬೇರೆ ಇನ್ನೇನಾದರೂ?

ಈ ಹೆಸರು ಸರಿಹೋದರೆ ಕೆಳಗೆ ಬರುವ ಮಾತುಗಳು ತಾವೇ ಕೂಡಿಕೊಳ್ಳುತ್ತವೆ. ಮೊದಲು ಕುದುರೆಯನ್ನು ಒಣಗಿದ ಜಾಗದಲ್ಲಿ ಕಟ್ಟಬೇಕು. ಹಕ್ಕಳೆಯನ್ನು ಒಣಗಿರುವಾಗ ಕೀಳಬಾರದು, ಕುದುರೆಗೆ ತುಂಬಾ ನೋವು. ಕ್ಲೋರ್‌ಹೆಕ್ಸಿಡಿನ್ ಶಾಂಪೂ ನೊರೆ ಮಾಡಿ ಹಚ್ಚಿ, ಹತ್ತು ನಿಮಿಷ ಬಿಟ್ಟು, ನೆನೆದ ಮೇಲೆ ಮೆಲ್ಲಗೆ ಬಿಡಿಸಬೇಕು. ತೊಳೆದು ಬಟ್ಟೆಯಿಂದ ಪೂರ್ತಿ ಒರೆಸಬೇಕು. ಬಿಡಿಸಿದ ಹಕ್ಕಳೆಯಲ್ಲಿ ರೋಗ ಇನ್ನೂ ಜೀವಂತ ಇರುತ್ತದೆ, ಲಾಯದ ನೆಲದಲ್ಲಿ ಬೀಳಗೊಡದೆ ಆರಿಸಿ ಸುಡಬೇಕು. ಮೈತುಂಬಾ ಹಬ್ಬಿ ಜ್ವರ ಬಂದಿದ್ದರೆ ವೈದ್ಯರು ಪೆನಿಸಿಲಿನ್ ಕೊಡುತ್ತಾರೆ. ಇದರ ಮೇಲೆ ಎಣ್ಣೆ ಮಾತ್ರ ಬೇಡ. ಬೇವಿನ ಎಣ್ಣೆಯಾಗಲಿ, ಗ್ಯಾರೇಜಿನಿಂದ ತಂದ ಸುಟ್ಟ ಆಯಿಲ್ ಆಗಲಿ, ಒದ್ದೆ ಚರ್ಮದ ಮೇಲೆ ಬಳಿದರೆ ಹಸಿ ಒಳಗೇ ಉಳಿಯುತ್ತದೆ. ಸುಟ್ಟ ಆಯಿಲ್ ಅಂತೂ ಯಾವ ರೋಗಕ್ಕೂ ಹಚ್ಚುವಂಥದಲ್ಲ, ಅದು ಚರ್ಮವನ್ನೇ ಸುಡುತ್ತದೆ.

ಶಿಲೀಂಧ್ರದ ರೋಗಕ್ಕೆ ಎರಡು ಪದ ಸಿಗುತ್ತವೆ. ದಕ್ಷಿಣದಲ್ಲಿ ‘ಹುಳುಕಡ್ಡಿ’, ನಮ್ಮಲ್ಲಿ ‘ಗಜಕರ್ಣ’. ನಾನು ಗಜಕರ್ಣವನ್ನೇ ಹಿಡಿದಿದ್ದೇನೆ. ಇದರಲ್ಲಿ ಹುಳವೇ ಇಲ್ಲ. ಕುದುರೆಯಲ್ಲಿ ಹೆಚ್ಚಾಗಿ ಕಾಣುವುದು ಟ್ರೈಕೊಫೈಟಾನ್ ಇಕ್ವೈನಮ್ ಎಂಬ ಶಿಲೀಂಧ್ರ. ಹುಳು ಅನ್ನುವ ಮಾತು ಹೆಸರಲ್ಲಿದ್ದರೆ ಜನ ಹೊಟ್ಟೆಹುಳದ ಔಷಧ ಕುಡಿಸಿ ಸುಮ್ಮನಾಗುವ ಭಯವಿದೆ. ಹುಳ ನಿಜವಾಗಿ ಇರುವುದು ಬೇಸಿಗೆಯಲ್ಲಿ ಬರುವ ಇನ್ನೊಂದು ಹುಣ್ಣಿನಲ್ಲಿ. ಹ್ಯಾಬ್ರೊನಿಮಾ ಎಂಬ ಹುಳದ ಮರಿಯನ್ನು ನೊಣ ತಂದು ಗಾಯದಲ್ಲಿ ಬಿಡುತ್ತದೆ. ಗಾಯ ಮಾಯುವುದಿಲ್ಲ, ಮಾಂಸ ಉಬ್ಬಿ ಬರುತ್ತದೆ, ಒಳಗೆ ಹಳದಿ ಕಾಳಿನಂಥ ಗಟ್ಟಿ ಚೂರು ಸಿಗುತ್ತವೆ. ಅದಕ್ಕೆ ಐವರ್ಮೆಕ್ಟಿನ್ ಬೇಕು, ಲದ್ದಿಯನ್ನು ದಿನಾ ಎತ್ತಿ ದೂರ ಹಾಕಬೇಕು. ಅದನ್ನು ನಮ್ಮವರು ಬರೀ ‘ಹುಣ್ಣು’ ಅನ್ನುತ್ತಾರೆ. ನಾನು ‘ನೊಣಹುಣ್ಣು’ ಎಂದು ಬರೆದಿಟ್ಟಿದ್ದೇನೆ. ‘ಬೇಸಿಗೆಹುಣ್ಣು’ ಅನ್ನುವುದಕ್ಕಿಂತ ಇದು ಒಳ್ಳೆಯದು ಎಂದು ನನ್ನ ಅನಿಸಿಕೆ. ಯಾರನ್ನು ತಡೆಯಬೇಕು ಅನ್ನುವುದು ಹೆಸರಲ್ಲೇ ಗೊತ್ತಾಗುತ್ತದೆ.

ಗಜಕರ್ಣದ ಬಗ್ಗೆ ಇನ್ನೂ ಒಂದು ಮಾತು. ಅದು ಕುದುರೆಯಿಂದ ಮನುಷ್ಯರಿಗೂ ಹತ್ತುತ್ತದೆ. ಮಕ್ಕಳು ಕುದುರೆಯ ಕುತ್ತಿಗೆ ತಬ್ಬಿಕೊಂಡು ಆಡುವ ಮನೆಗಳಲ್ಲಿ ಇದನ್ನು ದೊಡ್ಡ ಅಕ್ಷರದಲ್ಲಿ ಹೇಳಬೇಕು. ಒಂದು ಕುದುರೆಯಿಂದ ಇನ್ನೊಂದಕ್ಕೆ ಹೋಗುವುದು ಜಾಸ್ತಿ ಸರಂಜಾಮಿನ ಮೂಲಕವೇ. ಜೀನು, ಜೂಲು, ಪಟ್ಟಿ, ಮೈ ತಿಕ್ಕುವ ಬ್ರಶ್ಶು ಪ್ರತಿ ಕುದುರೆಗೂ ಬೇರೆ ಇರಬೇಕು. ಬ್ರಶ್ಶನ್ನು ಬ್ಲೀಚಿನ ನೀರಲ್ಲಿ, ಒಂದು ಪಾಲಿಗೆ ಹತ್ತು ಪಾಲು ನೀರು ಸೇರಿಸಿ, ಅದ್ದಿಡಬಹುದು. ತೊಗಲಿನ ಸಾಮಾನಿಗೆ ಅದು ಆಗದು, ತೊಗಲು ಹಾಳಾಗುತ್ತದೆ. ಜಾತ್ರೆಯಿಂದ ಹೊಸ ಕುದುರೆ ತಂದರೆ ಎರಡು ಮೂರು ವಾರ ಬೇರೆ ಕಟ್ಟಬೇಕು, ಒಳಗಿದ್ದ ರೋಗ ಹೊರಬರಲು ಅಷ್ಟು ಸಮಯ ಬೇಕಾದೀತು. ಮನುಷ್ಯರ ಔಷಧದ ಅಂಗಡಿಯಲ್ಲಿ ಸಿಗುವ ಸ್ಟಿರಾಯ್ಡ್ ಬೆರೆತ ಕ್ರೀಮು ಹಚ್ಚಿದರೆ ತುರಿಕೆ ಕಡಿಮೆಯಾದಂತೆ ಕಾಣುತ್ತದೆ, ಶಿಲೀಂಧ್ರ ಒಳಗೊಳಗೇ ಹರಡುತ್ತದೆ. ಮೈಕೊನಜೋಲ್ ಇರುವ ಶಾಂಪೂ ಅಥವಾ ಸುಣ್ಣ ಗಂಧಕದ ದ್ರಾವಣವೇ ಸರಿ. ಅದನ್ನೂ ವೈದ್ಯರು ನೋಡಿ ಹೇಳಬೇಕು.

ಇಲ್ಲಿ ‘ಮೈ ತಿಕ್ಕುವ ಬ್ರಶ್ಶು’ ಎಂದು ಬರೆದೆ. ಮರಾಠಿಯಲ್ಲಿ ‘ಖರಾರಾ’ ಅನ್ನುವ ಪದವಿದೆ. ಬೆಳಗಾವಿ, ಅಥಣಿ, ಚಿಕ್ಕೋಡಿ ಕಡೆಯ ಕನ್ನಡದಲ್ಲಿ ಅದು ಬಳಕೆಯಲ್ಲಿದ್ದರೆ ಹೇಳಿ, ಹಾಗೇ ಹಾಕುತ್ತೇನೆ.

ಉಳಿದದ್ದು ನುಸಿಯಿಂದ ಬರುವ ರೋಗ. ಹುರುಕು ಅನ್ನುವ ಪದವನ್ನು ಇದೊಂದಕ್ಕೇ ಮೀಸಲಿಡಬಾರದೇ ಎಂದು ನನ್ನ ಸೂಚನೆ. ಮನುಷ್ಯರಲ್ಲೂ ಹುರುಕು ನುಸಿಯದೇ. ಹೊಂದಿಕೆಯಾಗುತ್ತದೆ.

ಕುದುರೆಗೆ ಬ್ಯಾಕ್ಟೀರಿಯಾದಿಂದ ಬರುವ ಗ್ಲ್ಯಾಂಡರ್ಸ್ ಎಂಬ ರೋಗಕ್ಕೆ ಮಾತ್ರ ಕನ್ನಡ ಪದ ಹುಡುಕಬೇಡಿ ಎಂದು ಕೇಳಿಕೊಳ್ಳುತ್ತೇನೆ. ಅದರ ಒಂದು ಬಗೆಯಲ್ಲಿ ಕಾಲಿನ ಮೇಲೆ, ಪಕ್ಕೆಯ ಮೇಲೆ ಸಾಲಾಗಿ ಗಂಟು ಎದ್ದು ಒಡೆಯುತ್ತವೆ. ನೋಡಿದವರು ಬರೀ ಹುಣ್ಣು ಅಂದುಕೊಳ್ಳಬಹುದು. ಅದು ಮನುಷ್ಯರ ಜೀವ ತೆಗೆಯುವ ರೋಗ. 2009ರ ಪ್ರಾಣಿರೋಗ ತಡೆ ಕಾನೂನಿನ ಪ್ರಕಾರ ಸರ್ಕಾರದ ಪಶುವೈದ್ಯರಿಗೆ ತಿಳಿಸಲೇಬೇಕು. ಆಸ್ಪತ್ರೆಯಲ್ಲಿ, ರಕ್ತ ಪರೀಕ್ಷೆಯ ಚೀಟಿಯಲ್ಲಿ ಇರುವುದು ಈ ಹೆಸರೇ. ನಾವು ಇನ್ನೊಂದು ಹೆಸರಿಟ್ಟು ಗೊಂದಲ ಮಾಡುವುದು ಬೇಡ.

ಇನ್ನು ‘ಸೋಂಕು’. ಕೋವಿಡ್ ಕಾಲದಲ್ಲಿ ಎಲ್ಲರ ಬಾಯಿಗೂ ಬಂದ ಪದ, ಅರ್ಥವಾಗುತ್ತದೆ. ಆದರೂ ‘ಹತ್ತುವ ರೋಗ’ ಎಂದರೆ ನಮ್ಮವರಿಗೆ ಬೇಗ ತಟ್ಟುತ್ತದೆ. ಸಣ್ಣ ಕಚ್ಚುವ ನೊಣದ ಅಲರ್ಜಿಯಿಂದ ಬರುವ ತುರಿಕೆ ಹತ್ತುವುದಿಲ್ಲ, ಗಜಕರ್ಣ ಹತ್ತುತ್ತದೆ. ಈ ಬೇಧ ಹೇಳಲು ‘ಹತ್ತು’ ಅನ್ನುವ ಕ್ರಿಯಾಪದ ಸಲೀಸು. ಬೆಂಗಳೂರು, ಮೈಸೂರಿನವರು ಇದನ್ನು ಓದಿದರೆ ‘ಅಂಟು’ ಎಂದು ತಿಳಿದುಕೊಂಡಾರೇ?

ಜಮಖಂಡಿ, ಮುಧೋಳ, ಗೋಕಾಕ ಕಡೆ ಶರ್ಯತ್ತಿನ ಕುದುರೆ ಕಟ್ಟಿದವರನ್ನು, ಕುರಿ ಹಿಂಡಿನ ಜೊತೆ ತಟ್ಟು (ಸಣ್ಣ ಕುದುರೆ) ಹೊಡೆದುಕೊಂಡು ಹೋಗುವ ಕುರುಬರನ್ನು ಬಲ್ಲವರು ದಯವಿಟ್ಟು ಕೇಳಿ ಬರೆಯಿರಿ. ಕೆಸರಿನಲ್ಲಿ ನಿಂತು ನಿಂತು ಗೊರಸಿನ ಹಿಂದೆ, ಮೇಲಿನ ಗುಳಿಯಲ್ಲಿ ಚರ್ಮ ಬಿರಿದು ರಸಿಗೆ ಸೋರುವುದಕ್ಕೆ ಅವರು ಏನನ್ನುತ್ತಾರೆ? ಅದಕ್ಕೆ ನನ್ನ ಹತ್ತಿರ ಒಂದು ಪದವೂ ಇಲ್ಲ. ಪದದ ಜೊತೆ ಊರ ಹೆಸರು, ಹೇಳಿದವರು ಏನು ಕೆಲಸದವರು ಅನ್ನುವುದನ್ನೂ ಬರೆದರೆ ಉಪಕಾರ. ಸೆಪ್ಟೆಂಬರ್ ಮಳೆಗೆ ಮೊದಲು ಕರಪತ್ರ ಅಚ್ಚಾಗಬೇಕು.